ಆರು ಹತ್ತರ ನೀರುನಾಯಿ

ಸಂಜೆ ಆರು ಹತ್ತಕ್ಕೆ ಸರಿಯಾಗಿ ನೀಲಾಂಜನ ಆಟ ಬಿಟ್ಟು ಎದ್ದಿತು. ಮುಂಬಾಗಿಲ ತನಕ ನಡೆದು, ಬಾಲ ಸುತ್ತಿಕೊಂಡು, ಹೊಸಿಲಿಗೆ ಮುಖ ಮಾಡಿ ಕೂತಿತು. ಇಂಚರ ಅದರ ಬೆನ್ನು ನೋಡುತ್ತ ನಿಂತಳು. ಈ ಬೆನ್ನನ್ನು ಅವಳು ಮೂವತ್ತೊಂದು ದಿನದಿಂದ ನೋಡುತ್ತಿದ್ದಳು.

ನೀಲಾಂಜನ ಒಂದು ನೀರುನಾಯಿ. ಬೆಳಕಿನದು. ಹಜಾರದ ಮೂಲೆಯಲ್ಲಿ ಚೊಂಬಿನಷ್ಟು ದೊಡ್ಡ ದೀಪವೊಂದಿದೆ, ಅದರಿಂದ ಹೊರಬಿದ್ದು ನೆಲದ ಮೇಲೆ ಓಡಾಡುತ್ತದೆ. ಮುಟ್ಟಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಆದರೆ ಕೈ ಹೋದ ಕಡೆ ಅದು ಮೈ ಒಡ್ಡುತ್ತದೆ, ಅಷ್ಟಕ್ಕೇ ಬೆರಳಿಗೆ ರೋಮ ತಗುಲಿದಂತಾಗುತ್ತದೆ. ಆಟದ ಹೆಸರು ‘ಗೂಡು’. ಆಡುವವರು ಇಂಥ ಪ್ರಾಣಿಗಳನ್ನು ಸಾಕುತ್ತಾರೆ, ಗೂಡಿನ ಸಂತೆಯಲ್ಲಿ ಮಾರುತ್ತಾರೆ, ಕೊಳ್ಳುತ್ತಾರೆ, ಅದಲುಬದಲು ಮಾಡುತ್ತಾರೆ. ಮರಿ ಯಾರಿಗೆ ಬೇಕಾದರೂ ಸಿಗುತ್ತದೆ. ಮರಿಗೆ ಏನೂ ಗೊತ್ತಿರುವುದಿಲ್ಲ, ಅಷ್ಟೇ. ದಿನಾ ಅದರ ಹತ್ತಿರ ಮಾತಾಡಬೇಕು. ಮಾತೇ ಅದರ ಮೇವು. ನಾಲ್ಕೈದು ವರ್ಷ ಬಿಡದೆ ಮಾತಾಡಿದರೆ ಅದಕ್ಕೊಂದು ನಡತೆ ಬರುತ್ತದೆ, ಇನ್ನೊಂದರಲ್ಲಿ ಕಾಣದಂಥದ್ದು. ಅಷ್ಟು ಮಾತು ಈಗ ಯಾರ ಹತ್ತಿರ ಉಳಿದಿದೆ? ಅದಕ್ಕೇ ಊರಿಗೂರೇ ಬೇರೆಯವರು ಪಳಗಿಸಿದ ಪ್ರಾಣಿಗಳ ಮೇಲೆ ಕಣ್ಣಿಟ್ಟುಕೊಂಡು ಕೂತಿತ್ತು.

ಇಂಚರಳ ಕಣ್ಣು ಬಿದ್ದದ್ದು ಈ ನೀರುನಾಯಿಯ ಮೇಲೆ. ಸಂತೆಯಲ್ಲಿ ಕಂಡ ದಿನ ಅದು ಬೆಳಕಿನ ಬೆಣಚುಕಲ್ಲುಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸುತ್ತಿತ್ತು. ಎಲೆಹಸಿರಿನ ಪಕ್ಕ ಗಿಣಿಹಸಿರು, ಅದರ ಪಕ್ಕ ಎಳೆ ನಿಂಬೆ. ಒಂದು ಕಲ್ಲನ್ನೆತ್ತಿ, ತಲೆ ಓರೆ ಮಾಡಿ ನೋಡಿ, ಸರಿಹೋಗದೆ ತೆಗೆದು, ಇನ್ನೊಂದು ಕಡೆ ಇಟ್ಟು, ತಾನೇ ತಲೆದೂಗುತ್ತಿತ್ತು. ಇಂಚರ ಆ ತಲೆದೂಗುವಿಕೆಗೆ ಸೋತುಹೋದಳು. ಎರಡು ವರ್ಷ ತಾನೇ ಮಾತಾಡಿ ಬೆಳೆಸಿದ್ದ ಕಾಜಾಣವನ್ನೂ, ಎರಡು ಮುಂಗುಸಿಗಳನ್ನೂ ಕೊಟ್ಟು, ಒಡೆಯರ ಹೆಸರನ್ನೂ ಗಮನಿಸದೆ, ಅದನ್ನು ಮನೆಗೆ ತಂದಳು. ನೀಲಾಂಜನ ಎಂದು ಹೆಸರಿಟ್ಟಳು. ಕರೆದರೆ ಬರುತ್ತಿತ್ತು. ಜೋಡಿಸು ಅಂದರೆ ಜೋಡಿಸುತ್ತಿತ್ತು. ನೆಂಟರ ಮನೆಯಲ್ಲಿ ಬಿಟ್ಟುಹೋದ ಮಗುವಿನಂತೆ ಹೇಳಿದ್ದನ್ನೆಲ್ಲ ಮಾಡುತ್ತಿತ್ತು. ಆರು ಹತ್ತಾಯಿತೋ, ಬಾಗಿಲು.

“ಯಾರಿಗೆ ಕಾಯುತ್ತೆ ಇದು?” ಅಂದಳು ಇಂಚರ.

“ನಿಂಗಂತೂ ಅಲ್ಲ,” ಅಂದ ಅವಳ ಗಂಡ ಲೋಹಿತ, ಹುರಿಗಡಲೆ ಬಾಯಿಗೆ ಎಸೆದುಕೊಳ್ಳುತ್ತ. ಅವನದು ಕನ್ನಡಕದ ಅಂಗಡಿ. ಬೇರೆಯವರಿಗೆ ಕಾಣದ್ದು ತನಗೆ ಕಾಣುತ್ತದೆ ಎಂಬ ಠೀವಿ. “ನೀನು ಇಲ್ಲೇ ಇದೀಯಲ್ಲ.”

“ತಮಾಷೆ ಬೇಡ.”

“ತಮಾಷೆ ಎಲ್ಲಿ ಬಂತು? ಮದುವೆ ಆದ ಹೊಸದರಲ್ಲಿ ನೀನೂ ಹಿಂಗೇ ಕಿಟಕೀಲಿ ಕೂತಿರ್ತಿದ್ದೆ, ನಿಮ್ಮಪ್ಪ ಬರ್ತಾರೆ ಅಂತ. ನಾನೇನಾದ್ರೂ ಗಲಾಟೆ ಮಾಡಿದ್ನಾ?”

“ಮೂರು ದಿನ ಮಾತು ಬಿಟ್ಟಿದ್ರಿ.”

“ಅದು ಹಲ್ಲುನೋವು ಕಣೇ.”

ಇಂಚರ ನಗಲಿಲ್ಲ. ಅದನ್ನು ಮೊದಲು ಸಾಕಿದವಳು ಅವಳ ಕಣ್ಣ ಮುಂದೆ ಬರುತ್ತಿದ್ದಳು. ಆ ಬೆನ್ನಿನಾಚೆ ಯಾರೋ ಇದ್ದಾಳೆ. ಉದ್ದ ಬೆರಳಿನವಳು, ಮೆಲುದನಿಯವಳು, ಬಣ್ಣ ಬಲ್ಲವಳು, ಇಡೀ ದಿನ ಒಂದು ನೀರುನಾಯಿಗಾಗಿಯೇ ತೆಗೆದಿಟ್ಟುಕೊಂಡವಳು. ಇಂಚರ ಅವಳಿಗೊಂದು ಮೂಗುಬೊಟ್ಟನ್ನೂ ಕೊಟ್ಟಿದ್ದಳು. ದಿನ ಕಳೆದಂತೆ ಅವಳು ಇನ್ನಷ್ಟು ಚೆಲುವೆಯಾಗುತ್ತ ಹೋದಳು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಇಂಚರ ಮುಖ ಊದಿಸಿಕೊಂಡು, ನೀರುನಾಯಿಗೆ ಒಂದು ಮಾತೂ ಹೇಳದೆ, ಬಾಗಿಲು ಎಳೆದುಕೊಂಡು ಹೋಗುತ್ತಿದ್ದಳು.

ಗೂಡಿನಲ್ಲಿ ಒಂದು ನಿಯಮವಿತ್ತು. ಕೈ ಬದಲಾದ ಪ್ರಾಣಿ ಹೊಸ ಮನೆಗೆ ಹೊಂದಿಕೊಳ್ಳದಿದ್ದರೆ ನಲವತ್ತನೆಯ ದಿನದ ಒಳಗೆ ಅದನ್ನು ಪೂರ್ತಿ ತೊಳೆಸಬಹುದು. ಆಮೇಲೆ ಅವಕಾಶವಿಲ್ಲ. ಪೂರ್ತಿ ತೊಳೆದರೆ ಬಾಗಿಲು ಕಾಯುವುದು ನಿಲ್ಲುತ್ತದೆ. ಬಣ್ಣಗಳೂ ಹೋಗುತ್ತವೆ, ತಲೆದೂಗುವುದೂ ಹೋಗುತ್ತದೆ. ಉಳಿಯುವುದು ಏನೂ ಅರಿಯದ ಒಂದು ಮರಿ.

ಇದು ಇಂಚರಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ತೊಳೆಯುವುದೇ ಅವಳ ಕೆಲಸ.

*

ಮೈಸೂರಿನ ಹುಣಸೂರು ರಸ್ತೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಗೆ ಕಾಗದಪತ್ರಗಳಲ್ಲಿ ಬೇರೆ ಹೆಸರಿತ್ತು. ಅಲ್ಲಿ ಕೆಲಸ ಮಾಡುವವರು ಅದನ್ನು ತೊಳೆಮನೆ ಎನ್ನುತ್ತಿದ್ದರು. ದಕ್ಷಿಣದ ಸೀಮೆಯಲ್ಲಿ ಕೈ ಬದಲಾಗುವ ಪ್ರತಿಯೊಂದು ಪ್ರಾಣಿಯೂ ಇಲ್ಲಿ ಹಾದುಹೋಗಬೇಕು. ಪ್ರಾಣಿಯ ಮನಸ್ಸಿನಲ್ಲಿ ಎರಡು ಪದರ. ಮೇಲಿನದು ನಂಟು: ಸಾಕಿದವರ ದನಿ, ಮುಖ, ಮನೆ. ಕೆಳಗಿನದು ನಡತೆ. ತೊಳೆಮನೆಯವರು ನಂಟನ್ನು ಹಾಲಿನ ಕೆನೆಯಂತೆ ಎತ್ತಿ ತೆಗೆದು, ನಡತೆಯನ್ನು ಉಳಿಸಿ ಕಳಿಸುತ್ತಾರೆ. ಸಂತೆಯಲ್ಲಿ ಕಾಣುತ್ತಿದ್ದ ಹೆಸರು ಅಳಿದು, ಹಳೆಯ ಒಡೆಯರು ಯಾರೆಂಬುದಕ್ಕೆ ಮೊಹರು ಬೀಳುತ್ತದೆ. ಅದನ್ನು ತೆರೆದರೆ ಕೆಲಸ ಹೋಗುತ್ತದೆ.

“ಏನೇ ಇದು ಮುಖ? ಉಪ್ಪಿಲ್ಲದ ಉಪ್ಪಿಟ್ಟು ತಿಂದವಳ ಥರ,” ಅಂದಳು ಪಕ್ಕದ ಮೇಜಿನ ಕೌಸರ್. ಹನ್ನೊಂದು ವರ್ಷದಿಂದ ಇಬ್ಬರೂ ಪಕ್ಕಪಕ್ಕ.

ಇಂಚರ ಹೇಳಿದಳು. ಬೆನ್ನು, ಬಾಗಿಲು, ಆರು ಹತ್ತು.

“ಮೂಗುಬೊಟ್ಟು ಬೇರೆ ಹಾಕಿದೀಯಾ ಅವಳಿಗೆ?” ಕೌಸರ್ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “ತಾಳು, ನಂಟಿನಲ್ಲಿ ಏನೂ ಉಳಿದಿಲ್ಲ. ನಾನೇ ತೊಳೆದಿದ್ದು, ನಂಗೆ ಗೊತ್ತಿಲ್ವಾ. ನಡತೆಯ ತಳದಲ್ಲಿ ನೋಡೋಣ. ಬಾಕಿ ಪಟ್ಟಿ.”

ಬಾಕಿ ಪಟ್ಟಿ ಎಂದರೆ ಪ್ರಾಣಿ ಇನ್ನೂ ಮುಗಿದಿಲ್ಲವೆಂದು ತಿಳಿದಿರುವ ಸಂಗತಿಗಳು. ಬಚ್ಚಿಟ್ಟು ಮರೆತ ಚೆಂಡು, ಅರ್ಧಕ್ಕೆ ನಿಂತ ಆಟ, ಅಂಥವು. ಸಾಮಾನ್ಯವಾಗಿ ಅದನ್ನು ಯಾರೂ ತೆರೆಯುವುದಿಲ್ಲ. ನೀಲಾಂಜನನ ಪಟ್ಟಿಯಲ್ಲಿ ಒಂದೇ ಸಾಲಿತ್ತು.

‘ಬರ್ತೀನಿ.’ ನುಡಿದವರು: ಮೊಹರು. ಸ್ಥಿತಿ: ಬಾಕಿ.

ಮೊದಲು ಅರ್ಥವಾದದ್ದು ಕೌಸರ್‌ಗೆ.

“ಯಾ ಅಲ್ಲಾ,” ಅಂದಳು. “ಬಿಟ್ಟುಕೊಡೋ ದಿನ ‘ಬರ್ತೀನಿ’ ಅಂದಿದ್ದಾಳೆ. ಅದು ನಂಬಿಬಿಟ್ಟಿದೆ.”

ಆಟವನ್ನು ಕಟ್ಟಿದವರು ದೂರದ ದೇಶದವರು. ಅವರಲ್ಲಿ ಹೊರಡುವವರು ಹೊರಡುತ್ತೇನೆ ಎಂದೇ ಹೇಳಿ ಹೊರಡುತ್ತಾರೆ. ಮನೆ ಬಿಡುವವಳು ‘ಬರ್ತೀನಿ’ ಅನ್ನುತ್ತಾಳೆ, ಇನ್ನೆಂದೂ ಬಾರದವಳೂ ‘ಬರ್ತೀನಿ’ ಅನ್ನುತ್ತಾಳೆ ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಕೊಟ್ಟ ಮಾತನ್ನು ನಂಬುವಂತೆ ಅವರು ಪ್ರಾಣಿಗಳನ್ನು ಮಾಡಿದ್ದರು. ಅವು ನಂಬುತ್ತಿದ್ದವು.

“ನಮ್ಮಮ್ಮಿ ಹತ್ರ ‘ಜಾತೂಂ’, ಹೋಗ್ತೀನಿ, ಅಂದ್ರೆ ಬಾಯಿಗೇ ಹೊಡೀತಿದ್ರು,” ಅಂದಳು ಕೌಸರ್. “‘ಆತೂಂ’, ಬರ್ತೀನಿ, ಅನ್ನಬೇಕು. ಇನ್ನೆಷ್ಟು ಮನೇಲಿ ಎಷ್ಟು ಪ್ರಾಣಿ ಹಿಂಗೇ ಬಾಗಿಲು ನೋಡ್ತಾ ಕೂತಿವೆಯೋ.”

“ಈ ಸಾಲು ಅಳಿಸು.”

“ಆಗಲ್ಲ ಕಣೇ. ಎಳೆದರೆ ನಡತೆಯೇ ಕಿತ್ತುಕೊಂಡು ಬರುತ್ತೆ. ಮುಖ ಮರೆತಿದೆ, ದನಿ ಮಾತ್ರ ಆ ಮಾತಿಗೇ ಅಂಟಿಕೊಂಡಿದೆ. ನುಡಿದ ದನಿಯೇ ಬಂದು ಮುಗಿಸಬೇಕು. ಬಂದೆ ಅಂತ ಒಂದು ಸಲ ಬರಬೇಕು, ಆಮೇಲೆ ಹೋಗ್ತೀನಿ ಅಂತ ಹೇಳಿ ಹೋಗಬೇಕು. ಇಲ್ಲಾಂದ್ರೆ ಪೂರ್ತಿ ತೊಳೆ.”

ಇಂಚರ ಮೊಹರಿನ ಗುರುತನ್ನು ದಿಟ್ಟಿಸಿದಳು. ಅದನ್ನು ತೆರೆಯಲು ಅವಳಿಗೆ ಎರಡು ಗುಂಡಿ ಸಾಕಿತ್ತು.

“ಕೈ ತೆಗಿ ಅಲ್ಲಿಂದ,” ಅಂದಳು ಕೌಸರ್.

*

ಮೊಹರು ತೆರೆಯದೆಯೇ ದಾರಿ ಸಿಕ್ಕಿತು. ನೀರುನಾಯಿ ಬಂದದ್ದು ಅದಲುಬದಲಿನಲ್ಲಿ. ಹಾಗಾದರೆ ತನ್ನ ಕಾಜಾಣ ಈಗ ಅವಳ ಹತ್ತಿರವಿದೆ.

ಕಾಜಾಣಗಳು ಕೇಳಿದ್ದನ್ನು ಅನುಕರಿಸುತ್ತವೆ. ಅದು ಅವುಗಳ ನಡತೆ, ತೊಳೆದರೆ ಹೋಗುವುದಿಲ್ಲ. ಇಂಚರಳ ಮನೆಯ ಕುಕ್ಕರಿನ ರಬ್ಬರು ಸಡಿಲ. ಎರಡು ಸೀಟಿ ಪೂರ್ತಿ ಹಾಕಿ ಮೂರನೆಯದನ್ನು ಅರ್ಧಕ್ಕೆ ನುಂಗುತ್ತದೆ. ಅದನ್ನು ಮತ್ತೆ ಬದಲಿಗಿಟ್ಟಿರಬಹುದೆಂದು ಅವಳು ಸಂತೆಯಲ್ಲಿ ಕಾಜಾಣಗಳ ದನಿಯನ್ನು ಒಂದೊಂದಾಗಿ ಕೇಳುತ್ತ ಹೋದಳು. ಐದು ದಿನ ಕೇಳಿದಳು. ಮೂವತ್ತೇಳನೆಯ ದಿನ ಮಧ್ಯಾಹ್ನ ಒಂದು ಹಕ್ಕಿ ಅವಳ ಕಿವಿಯಲ್ಲಿ ಎರಡೂವರೆ ಸೀಟಿ ಹಾಕಿತು. ಬದಲಿಗೆ ಬೇಕಾದದ್ದು: ಯಾವುದಾದರೂ ಆಮೆ. ಈಗಿನ ಒಡೆಯರು: ದಾಕ್ಷಾಯಿಣಿ, ನಜರ್‌ಬಾದ್, ಮೈಸೂರು.

ಅದೇ ಊರು. ಎರಡು ಬಸ್ಸಿನ ದೂರ.

ಮೂವತ್ತೆಂಟನೆಯ ದಿನ ಭಾನುವಾರ. ನೆಪಕ್ಕೊಂದು ಸೀರೆ ಹಿಡಿದುಕೊಂಡು ಹೊರಟಳು, ಏಕೆಂದರೆ ಹಿಂದಿನ ಸಂಜೆಯೇ ಆ ಬೀದಿಗೆ ಹೋಗಿ ದಾಕ್ಷಾಯಿಣಿ ಎಂದು ವಿಚಾರಿಸಿದಾಗ ಎಲ್ಲರೂ “ಸೀರೆಗೆ ಕುಚ್ಚು ಕಟ್ಟೋರಾ?” ಎಂದು ಕೇಳಿದ್ದರು. ಬಾಗಿಲು ತೆರೆದವಳಿಗೆ ಅರವತ್ತರ ಹತ್ತಿರ. ದಪ್ಪ ಮೈ, ದೊಡ್ಡ ಬಾಯಿ, ಕಿವಿಯ ಹಿಂದೆ ಸೂಜಿ. ಮೂಗುಬೊಟ್ಟು ಇರಲಿಲ್ಲ.

“ಬಾಮ್ಮ, ಬಾ. ಸೀರೆ ಯಾವುದು? ಓ, ಗಿಣಿಹಸಿರು. ಇದಕ್ಕೆ ಎಳೆ ನಿಂಬೆ ಹಾಕೋಣ, ಅಂಚಿನ ಕೆಂಪು ಬೇಡ, ಕಣ್ಣಿಗೆ ಹೊಡೆಯುತ್ತೆ.” ಮಣೆಯ ಮೇಲೆ ಯಾರದೋ ಸೀರೆಯ ಸೆರಗು ಹರಡಿತ್ತು. ಸುತ್ತ ರೇಷ್ಮೆ ಎಳೆಯ ಉಂಡೆಗಳು, ಎಲೆಹಸಿರಿನ ಪಕ್ಕ ಗಿಣಿಹಸಿರು, ಅದರ ಪಕ್ಕ ಎಳೆ ನಿಂಬೆ. ದಾಕ್ಷಾಯಿಣಿ ಒಂದು ಉಂಡೆ ಎತ್ತಿ ಸೀರೆಯ ಪಕ್ಕ ಹಿಡಿದಳು, ತಲೆ ಓರೆ ಮಾಡಿದಳು, ಕೆಳಗಿಟ್ಟಳು. ಇನ್ನೊಂದನ್ನು ಎತ್ತಿದಳು. ತಾನೇ ತಲೆದೂಗಿದಳು.

ಇಂಚರ ಮಣೆಯ ಎದುರು ಕೂತಳು. ತಾನು ಸಂತೆಯಲ್ಲಿ ಮರುಳಾಗಿದ್ದು ಈ ಹೆಂಗಸು ಕತ್ತು ಆಡಿಸುವ ರೀತಿಗೆ.

ಕೋಣೆಯ ಗೋಡೆಗುಂಟ ಎಂಟು ದೀಪಗಳಿದ್ದವು. ಒಂದು ಮುಳ್ಳುಹಂದಿ, ಒಂದು ನವಿಲು, ಎರಡು ಮುಂಗುಸಿ, ಇನ್ನೂ ಏನೇನೋ. ಎಲ್ಲವೂ ಅವಳ ಕಡೆಗೆ ಕಿವಿ ಮಾಡಿಕೊಂಡಿದ್ದವು. ಕುಚ್ಚು ಕಟ್ಟುವಾಗ ಇಡೀ ದಿನ ಬಾಯಿ ಖಾಲಿ. ಯಾರ ಹತ್ತಿರವಾದರೂ ಮಾತಾಡಬೇಕಲ್ಲ, ಇವು ಮಾತಿನಲ್ಲೇ ಬೆಳೆಯುತ್ತವಂತಲ್ಲ, ಸರಿ, ಮಾತಾಡಿದಳು. ಹೀಗೆ ಹನ್ನೊಂದು ಪ್ರಾಣಿ ಸಾಕಿ ಬಿಟ್ಟುಕೊಟ್ಟಿದ್ದಳು. ಕಿಟಕಿಯ ಸರಳಿನ ಮೇಲೆ ಕಾಜಾಣ ಕೂತಿತ್ತು.

“ಆ ಹಾಳು ಹಕ್ಕಿ ದಿನಾ ನನ್ನ ಅಡುಗೆಮನೆಗೆ ಓಡಿಸುತ್ತೆ ಕಣಮ್ಮ,” ಅಂದಳು ದಾಕ್ಷಾಯಿಣಿ, ಸೂಜಿಗೆ ಎಳೆ ಪೋಣಿಸಿ ಕೆಲಸಕ್ಕೆ ಕೂರುತ್ತ. “ಕುಕ್ಕರ್ ಇಳಿಸೋಕೆ. ಒಲೆ ಮೇಲೆ ಕುಕ್ಕರೇ ಇರಲ್ಲ! ಯಾವ ಮಹಾತಾಯಿ ಸಾಕಿದ್ದಳೋ, ಒಂದು ರಬ್ಬರು ಹಾಕಿಸಿಕೊಳ್ಳೋಕೆ ಆಗಲಿಲ್ಲ.”

ಇಂಚರ ಹಕ್ಕಿಯನ್ನು ನೋಡಿದಳು. ಹಕ್ಕಿ ಅವಳನ್ನು ನೋಡಲಿಲ್ಲ. ಬಾಗಿಲನ್ನೂ ನೋಡಲಿಲ್ಲ. ಅದನ್ನು ಬಿಟ್ಟುಕೊಡುವ ದಿನ ಅವಳು ಅದಕ್ಕೆ ಏನೂ ಹೇಳಿರಲಿಲ್ಲ. ನೀರುನಾಯಿ ಬರುವ ಸಂಭ್ರಮದಲ್ಲಿ ಗುಂಡಿ ಒತ್ತಿ ಮುಗಿಸಿದ್ದಳು. ಆ ಹಕ್ಕಿಯ ಬಾಕಿ ಪಟ್ಟಿಯಲ್ಲಿ ತನ್ನದೊಂದು ಸಾಲೂ ಇರಲಾರದು ಎಂದು ಅವಳಿಗೆ ತಿಳಿಯಿತು.

“ನಿಮ್ಮ ನೀರುನಾಯಿ ನನ್ನ ಹತ್ರ ಇದೆ,” ಅಂದಳು. “ದಿನಾ ಆರು ಹತ್ತಕ್ಕೆ ಬಾಗಿಲಲ್ಲಿ ಕೂರುತ್ತೆ.”

“ಯಾವುದು, ಡುಮ್ಮನಾ?” ದಾಕ್ಷಾಯಿಣಿ ಗಟ್ಟಿಯಾಗಿ ನಕ್ಕಳು. “ಅಯ್ಯೋ, ಮರೆತೇಹೋಗಿತ್ತು ನೋಡು. ಸಂಜೆ ಕಟ್ಟಿದ ಸೀರೆ ಅಂಗಡಿಗೆ ಕೊಟ್ಟು, ಆರು ಹತ್ತಕ್ಕೆ ಬರ್ತಿದ್ದೆ. ಬಾಗಿಲಲ್ಲೇ ಇರ್ತಿತ್ತು ಕಳ್ಳ.”

ಮರೆತೇಹೋಗಿತ್ತು! ತನ್ನ ಮನೆಯಲ್ಲಿ ದಿನವೂ ಸಂಜೆಯನ್ನು ಹಾಳು ಮಾಡುತ್ತಿದ್ದವಳಿಗೆ ಅದು ಮರೆತೇಹೋಗಿತ್ತು. ಪ್ರೀತಿಸಿ ಕಳೆದುಕೊಂಡವಳಾಗಿದ್ದರೆ ಇಂಚರ ಸಹಿಸುತ್ತಿದ್ದಳೇನೋ. ಇಷ್ಟು ಅಗ್ಗವಾಗಿ ಇಷ್ಟೊಂದನ್ನು ಪಡೆದವಳನ್ನು ಹೇಗೆ ಸಹಿಸುವುದು? ನೀಲಾಂಜನ ಎಂಬ ಹೆಸರು ಅವಳ ಬಾಯಲ್ಲೇ ಉಳಿಯಿತು.

“ನೀವು ಒಂದು ಸಲ ನಮ್ಮನೆಗೆ ಬರಬೇಕು. ಬಂದು, ಅದಕ್ಕೆ ‘ಹೋಗ್ತೀನಿ’ ಅಂತ ಹೇಳಿಹೋಗಬೇಕು.”

ದಾಕ್ಷಾಯಿಣಿಯ ಸೂಜಿ ನಿಂತಿತು. “ಹಂಗನ್ನೋಕಾಗುತ್ತಾ? ದೀಪ ಹಚ್ಚೋ ಹೊತ್ತಲ್ಲಿ, ತುಂಬಿದ ಮನೇಲಿ?”

“ಅನ್ನದಿದ್ದರೆ ನಾಡಿದ್ದು ಅದನ್ನ ಪೂರ್ತಿ ತೊಳೆದುಬಿಡ್ತೀನಿ.”

ದಾಕ್ಷಾಯಿಣಿ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದಳು. ಆಮೇಲೆ ಸೂಜಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. “ಬರ್ತೀನಿ,” ಅಂದಳು.

*

ಮೂವತ್ತೊಂಬತ್ತನೆಯ ದಿನ ಸಂಜೆ, ಆರು ಹತ್ತಕ್ಕೆ ಸರಿಯಾಗಿ ನೀಲಾಂಜನ ಬಾಗಿಲಿಗೆ ಹೋಗಿ ಕೂತಿತು. ಹೊರಗೆ ಮೆಟ್ಟಿಲಿನ ಮೇಲೆ ಭಾರವಾದ ಹೆಜ್ಜೆ.

“ಏನೋ ಡುಮ್ಮ, ಬಂದೆ ಕಣೋ.”

ನೀರುನಾಯಿ ಹಿಂಗಾಲಿನ ಮೇಲೆ ಎದ್ದು ನಿಂತಿತು. ಅದರ ಗಂಟಲಿನಿಂದ ಒಂದು ಸಿಳ್ಳೆ ಹೊರಟಿತು, ತೆಳ್ಳಗೆ, ಉದ್ದಕ್ಕೆ. ಮೂವತ್ತೊಂಬತ್ತು ದಿನದಲ್ಲಿ ಇಂಚರ ಆ ಸಿಳ್ಳೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಅದಕ್ಕೆ ಸಿಳ್ಳೆ ಬರುತ್ತದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಅದು ದಾಕ್ಷಾಯಿಣಿಯ ಸುತ್ತ ಮೂರು ಸುತ್ತು ಓಡಿತು; ಅವಳ ಸೀರೆಯ ಬಣ್ಣ ನೋಡಿ ಹುಡುಕಿ ಹುಡುಕಿ ಕಲ್ಲು ತಂದು ಅವಳ ಪಾದದ ಮುಂದೆ ಸಾಲಿಟ್ಟಿತು, ನೇರಳೆ, ಬದನೆ, ಜಂಬುನೇರಳೆ. ದಾಕ್ಷಾಯಿಣಿ ಒಂದು ಕಲ್ಲನ್ನು ಬೆರಳಲ್ಲಿ ತೋರಿಸಿ “ಇದು ತಪ್ಪು” ಅಂದಳು. ಅದು ತೆಗೆದು ಬೇರೆ ಇಟ್ಟಿತು. ಇಬ್ಬರೂ ತಲೆದೂಗಿದರು.

ಲೋಹಿತ ಹುರಿಗಡಲೆ ಅಗಿಯುವುದನ್ನು ನಿಲ್ಲಿಸಿದ್ದ. ಇಂಚರ ಅಡುಗೆಮನೆಗೆ ಹೋಗಿ ಕಾಫಿ ಬೆರೆಸುವ ನೆಪದಲ್ಲಿ ಒಂದೇ ಚಮಚವನ್ನು ಎರಡು ಸಲ ತೊಳೆದಳು.

ಕಾಫಿ ಮುಗಿಯಿತು. ಇನ್ನು ಆ ಮಾತು. ಕೌಸರ್ ಹೇಳಿದ್ದಳು: ಬಂದದ್ದರಿಂದ ಹಳೆಯ ಬಾಕಿ ತೀರಿಹೋಯಿತು, ಹೋಗುವಾಗ ‘ಹೋಗ್ತೀನಿ’ ಅನ್ನಲಿ, ನಾಲಿಗೆ ಹೊರಳದಿದ್ದರೆ ಬಾಯಿ ಮುಚ್ಚಿಕೊಂಡು ಹೋಗಲಿ, ‘ಬರ್ತೀನಿ’ ಒಂದು ಅನ್ನದಿದ್ದರೆ ಸಾಕು.

ದಾಕ್ಷಾಯಿಣಿ ಎದ್ದಳು. ‘ಹೋ’ ಅಂದಳು. ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು. ಬೇಡ ಎಂಬಂತೆ ಕೈಯಾಡಿಸಿ, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡಳು. ಅಷ್ಟು ಮಾತಿನ ಹೆಂಗಸು ತುಟಿ ಮುಚ್ಚಿ ನಿಂತಿದ್ದು ನೋಡುವಂತಿರಲಿಲ್ಲ. ನೀರುನಾಯಿ ಅವಳ ಮುಖವನ್ನೇ ನೋಡುತ್ತ, ಆ ಮಾತಿಗಾಗಿ ಕಾಯುತ್ತಿತ್ತು. ಇಂಚರ ಕುಂಕುಮದ ಬಟ್ಟಲು ಹಿಡಿದಳು. ದಾಕ್ಷಾಯಿಣಿ ಮಾತಿಲ್ಲದೆ ಹಣೆಗಿಟ್ಟುಕೊಂಡು, ತಿರುಗಿ, ಹೊಸಿಲು ದಾಟಿದಳು. ಒಂದು ಮೆಟ್ಟಿಲು ಇಳಿದಳು. ಎರಡು.

ಮುಗಿಯಿತು. ಇಂಚರಳ ಎದೆ ಹಗುರಾಯಿತು. ಆ ಹಗುರದಲ್ಲಿ, ಇಪ್ಪತ್ತು ವರ್ಷ ಬಂದವರನ್ನೆಲ್ಲ ಕಳಿಸಿಕೊಟ್ಟ ಬಾಯಿ ತಾನಾಗಿಯೇ ತೆರೆದುಕೊಂಡಿತು.

“ಹೋಗ್ಬನ್ನಿ!”

“ಬರ್ತೀನಮ್ಮ!” ಅಂದಿತು ಮೆಟ್ಟಿಲಿನ ಕೆಳಗಿಂದ ದೊಡ್ಡ ದನಿ.

ನೀರುನಾಯಿ ಬಾಲ ಸುತ್ತಿಕೊಂಡು, ಹೊಸಿಲಿಗೆ ಮುಖ ಮಾಡಿ ಕೂತಿತು.

ಲೋಹಿತ ನಗಲು ಶುರುಮಾಡಿ, ಹೆಂಡತಿಯ ಮುಖ ನೋಡಿ, ಹಲ್ಲುನೋವು ಬಂದವನಂತೆ ದವಡೆ ಹಿಡಿದುಕೊಂಡು ಒಳಗೆ ಹೋದ.

*

ನಲವತ್ತನೆಯ ದಿನ ಬೆಳಗ್ಗೆ ಇಂಚರ ಕೆಲಸಕ್ಕೆ ಹೊರಟಾಗ ನೀರುನಾಯಿ ದೀಪದ ಹತ್ತಿರ ಕಲ್ಲು ಜೋಡಿಸುತ್ತಿತ್ತು. ಚಿಲಕದ ಮೇಲೆ ಕೈಯಿಟ್ಟವಳು ನಿಂತಳು. ಕಿಟಕಿಯ ಸರಳಿನ ಮೇಲಿದ್ದ ಕಾಜಾಣ ನೆನಪಾಯಿತು, ಅವಳನ್ನು ನೋಡದ ಕಾಜಾಣ.

“ಬರ್ತೀನಿ,” ಅಂದಳು.

ಅದು ತಲೆಯೆತ್ತಿ ನೋಡಿತು.

ತೊಳೆಮನೆಯಲ್ಲಿ ಕೌಸರ್ ಅರ್ಜಿ ಸಿದ್ಧಮಾಡಿಟ್ಟಿದ್ದಳು. ಪೂರ್ತಿ ತೊಳೆ, ಒಪ್ಪಿಗೆ, ಗುಂಡಿ. “ಒತ್ತಲಾ? ಐದು ಗಂಟೆ ತನಕ ಸಮಯ ಇದೆ.”

“ಪಟ್ಟಿ ತೋರಿಸು ಮೊದಲು.”

ಪಟ್ಟಿಯಲ್ಲಿ ಈಗ ಎರಡು ಸಾಲು.

‘ಬರ್ತೀನಮ್ಮ.’ ನಿನ್ನೆ ಸಂಜೆ. ಬಾಕಿ.

‘ಬರ್ತೀನಿ.’ ಈ ದಿನ ಬೆಳಗ್ಗೆ. ನುಡಿದವರು: ಇಂಚರ. ಬಾಕಿ.

ತನ್ನ ಹೆಸರನ್ನು ಅಲ್ಲಿ ಕಂಡು ಅವಳಿಗೆ ಸಣ್ಣದೊಂದು ಗೆಲುವೆನಿಸಿತು. “ನಂದು ಇವತ್ತೇ ತೀರುತ್ತೆ,” ಅಂದಳು. “ಅವಳದು ತೀರಲ್ಲ.”

“ಅಲ್ವೇ ಹುಚ್ಚಿ,” ಅಂದಳು ಕೌಸರ್, “ತೀರಿದ ಮೇಲೆ ಅದು ನಿನಗೆ ಯಾಕೆ ಕಾಯುತ್ತೆ?”

ಗೆಲುವು ಅಲ್ಲೇ ಇಂಗಿತು. ಇಂಚರ ಅರ್ಜಿಯನ್ನು ಪಕ್ಕಕ್ಕೆ ಸರಿಸಿ ಬೇರೆ ಪ್ರಾಣಿಗಳನ್ನು ತೊಳೆಯುತ್ತ ಕೂತಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಅರ್ಜಿಯನ್ನು ಮುಚ್ಚಿದಳು.

“ನಾಳೆ ಬೆಳಗ್ಗೆ ಇನ್ನೊಂದು ಸಲ ಹೇಳ್ತೀನಿ,” ಅಂದಳು. “ನಾಡಿದ್ದೂ ಹೇಳ್ತೀನಿ.”

ದಿನಾ ಅವಳು ಮನೆ ಸೇರುತ್ತಿದ್ದದ್ದು ಐದೂವರೆಗೆ. ಅವತ್ತು ಬಸ್ಸಿಳಿದು, ಬೇಡದಿದ್ದರೂ ಒಂದು ನಿಂಬೆ ಸೋಡ ಕುಡಿದಳು. ಅಂಗಡಿಯವನ ಹತ್ತಿರ ಚಿಲ್ಲರೆಗಾಗಿ ಸುಮ್ಮನೆ ಜಗಳವಾಡಿದಳು. ಕೈಗಡಿಯಾರ ನೋಡುತ್ತ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು. ಆರು ಹತ್ತಕ್ಕೆ ಬಾಗಿಲು ತೆರೆದಳು.

ಆ ಹೊತ್ತಿನಲ್ಲಿ ಅವಳು ಅದರ ಮುಖ ನೋಡಿದ್ದು ಅದೇ ಮೊದಲು. ಎರಡು ಕಣ್ಣು, ನೆಟ್ಟಗೆ ಅವಳ ಕಡೆ. ಅದು ಹಿಂಗಾಲಿನ ಮೇಲೆ ಎದ್ದು ನಿಂತಿತು.

“ಬಂದೆ,” ಅಂದಳು ಇಂಚರ.

ನೀರುನಾಯಿ ಸಿಳ್ಳೆ ಹಾಕಿತು, ನಿನ್ನೆಯದಕ್ಕಿಂತ ಗಿಡ್ಡದೊಂದು. ಅವಳ ಕಾಲಿನ ಸುತ್ತ ಒಂದು ಸುತ್ತು ಓಡಿತು. ಆಮೇಲೆ ಕತ್ತು ಓರೆ ಮಾಡಿ, ಅವಳ ಹಿಂದೆ ಇಣುಕಿತು.

ಇಂಚರಳೂ ತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಆದರೂ ಬೇಗ ಬಾಗಿಲು ಹಾಕಿದಳು.